ಈಗಲೇ, ಇಲ್ಲವೇ ಇಂದು ರಾತ್ರಿ

ಪರದೆಯ ಬಲಮೂಲೆಯಲ್ಲಿ, ಗಡಿಯಾರದ ಪಕ್ಕ,
ಕಿರುಬೆರಳ ಉಗುರಿನಷ್ಟು ಒಂದು ಬಿಳಿ ಕಿಟಕಿ.
ಮೊದಲ ವಾರ ಸುಮ್ಮನೆ ನಿಂತಿತ್ತು,
ಕರೆಯದೆ ಮದುವೆಗೆ ಬಂದವರ ಹಾಗೆ ಗೋಡೆಗೊರಗಿ.
ಎರಡನೇ ವಾರ ಬಾಯಿಬಿಟ್ಟಿತು:
ನಿಮ್ಮ ಕಂಪ್ಯೂಟರಿಗೆ ಹೊಸ ಆವೃತ್ತಿ ಸಿದ್ಧವಾಗಿದೆ. ಉಚಿತ.

ಬೊಗುಮಿವಾ ಇಳಿದುಬಂದು ನನ್ನ ಬಾಗಿಲು ತಟ್ಟಿದಳು,
ಕೈಯಲ್ಲಿ ಕನ್ನಡಕ, ಕಾಲಲ್ಲಿ ಜೋಡಿಯಲ್ಲದ ಕಾಲುಚೀಲ.
ನಾನು ಟ್ರಾಮ್ ಓಡಿಸಿ ನಿವೃತ್ತನಾದವನು;
ವುಚ್ ಶಹರದ ಈ ಹಳೇ ಕಟ್ಟಡದಲ್ಲಿ
ತಂತಿ ಇರುವುದೆಲ್ಲ ನನಗೆ ಗೊತ್ತೆಂದು ನಂಬಿಬಿಟ್ಟಿದ್ದಾರೆ.
"ಜೆನೋನ್ ಅವರೇ, ಉಚಿತವಂತೆ."
ಆ ಮಾತು ಕೇಳಿದರೆ ನಮ್ಮ ವಯಸ್ಸಿನವರು
ಜೇಬು ಮುಟ್ಟಿ ನೋಡಿಕೊಳ್ಳುತ್ತೇವೆ.

ಅವಳ ಕೋಣೆಯಲ್ಲಿ ಮೇಜಿನುದ್ದಕ್ಕೂ ಹೆಣಿಗೆಯ ಯಂತ್ರ,
ಇನ್ನೂರು ಸೂಜಿ ಹಲ್ಲು ಕಿರಿದು ಸಾಲಾಗಿ.
ಅದಕ್ಕೂ ಕಂಪ್ಯೂಟರಿಗೂ ನಡುವೆ ಬೂದುಬಣ್ಣದ ಕೇಬಲ್ಲು,
ಗಿರಣಿ ಮುಚ್ಚಿದ ವರ್ಷ ಸಂಬಳದ ಬದಲು ಸಿಕ್ಕಿದ್ದು.
ಹಳೆಯ ಸಿಸ್ಟಮ್ಮಿಗೆ ಮಾತ್ರ ಅದರ ಭಾಷೆ ಬರುತ್ತದೆ.
ಸ್ವೆಟರಿನ ಎದೆ ಮೇಲೆ ಜಿಂಕೆ ಬರಬೇಕೆಂದರೆ
ಮೊದಲು ಅದು ಈ ಕೇಬಲ್ಲಿನೊಳಗೆ ಓಡಬೇಕು.

ಒತ್ತಲು ಎರಡೇ ಗುಂಡಿ:
ಈಗಲೇ.
ಇಂದು ರಾತ್ರಿ.
ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಅನ್ನುತ್ತಾರೆ,
ಇಲ್ಲಿ ಕೇಳುತ್ತಾರೆ,
ಹುರಿಯಲೋ ಬೇಯಿಸಲೋ ಎಂದು.

ಮೇಲಿನ ಕೆಂಪು ಇಂಟು ಗುರುತು ಒತ್ತಿ ಮುಚ್ಚಿದೆವು,
ನಾಳೆ ಬಾ ಅಂದ ಹಾಗೆ.
ನಾಳೆ ಬಂತು. ನಾಡಿದ್ದೂ ಬಂತು.
ಬೇಡ ಅಂದಷ್ಟೂ ಬೇಡನ ಹಾಗೆ ಹೊಂಚಿ ಕೂತಿತು.
ಮಲಗುವ ಮುಂಚೆ ಅವಳು
ಇಂಟರ್‌ನೆಟ್ ಡಬ್ಬಿಯ ತಂತಿ ಕಿತ್ತು
ದಿಂಬಿನಡಿ ಇಟ್ಟುಕೊಳ್ಳತೊಡಗಿದಳು.

ಮಾರ್ಚಿಯ ಒಂದು ರಾತ್ರಿ ಮರೆತಳು.

ಬೆಳಗಾದಾಗ ಪರದೆ ತುಂಬ ನೀಲಿ, ನಡುವೆ ಒಂದು ಉಂಗುರ,
ಶೇಕಡಾ ಮೂವತ್ತೆರಡು.
"ನಾನು ಹೂಂ ಅನ್ನಲೇ ಇಲ್ಲ."
ಅಂದಿದ್ದಳಂತೆ. ಹಿಂದಿನ ಸಂಜೆ ಕಿಟಕಿ ಮುಚ್ಚಿದಳಲ್ಲ,
ಮುಚ್ಚುವುದೆಂದರೆ ಒಪ್ಪುವುದು, ನಿಯಮ ಬದಲಾಗಿತ್ತು.
ಮೌನ ಸಮ್ಮತಿ ಎಂದು ಕೇಳಿದ್ದೆ;
ಮುಖಕ್ಕೆ ಬಾಗಿಲು ಬಡಿದರೂ ಸಮ್ಮತಿಯೇ
ಎನ್ನುವುದನ್ನು ಎಪ್ಪತ್ತೊಂದಕ್ಕೆ ಕಲಿತೆ.

ಶೇಕಡಾ ಐವತ್ತು. ಚಹಾಕ್ಕೆ ನಿಂಬೆ ಹಿಂಡುತ್ತ ಹೇಳಿದಳು:
ಗಿರಣಿಗೆ ಒಬ್ಬ ಬಂದಿದ್ದ, ಸಹಿಗೆ ಕಾಗದ ಹಿಡಿದು.
ನಾನು ಪೆನ್ನು ಮುಟ್ಟಲಿಲ್ಲ. ಅವನೇ ಬರೆದುಕೊಂಡ,
ನನ್ನ ಹೆಸರನ್ನು, ನನಗಿಂತ ಅಂದವಾಗಿ.
ಆದರೂ ಅವನಿಗೊಂದು ಮುಖವಿತ್ತು ಕಣಪ್ಪಾ,
ಮೂಗಿನ ಮೇಲೊಂದು ನರಹುಲಿ.
ಬೈದರೆ ಅದು ಕೆಂಪಾಗುತ್ತಿತ್ತು.

ಹೊಸದು ಬಂದು ಕೂತಿತು, ನುಣ್ಣಗೆ, ಹೊಳೆಯುತ್ತ.
ಅವಳನ್ನು ಹೆಸರು ಹಿಡಿದು ಕರೆಯಿತು.
ಹವಾಮಾನ ಹೇಳಿತು, ಯಾವುದೋ ಆಟ ತೋರಿಸಿತು.
ಕೇಬಲ್ಲನ್ನು ಕಂಡು
ಇದು ಯಾರೋ ಗೊತ್ತಿಲ್ಲ ಅಂದಿತು.

ನಾಲ್ಕು ಪುಟಗಳ ಹಿಂದೆ, ಮೆಟ್ಟಿಲಡಿಯ ಕೋಣೆಯಂಥ ಜಾಗದಲ್ಲಿ
ಸಿಕ್ಕಿತು ನನಗೆ: ಹಿಂದಿನದಕ್ಕೆ ಮರಳಿ, ತಿಂಗಳೊಳಗಾದರೆ.
ಒತ್ತಿದೆ. ತಕ್ಷಣ ಮುಖ ಬಾಡಿಸಿ ಕೇಳಿತು:
ಯಾಕೆ ಹೋಗುತ್ತಿದ್ದೀರಿ? ಕಾರಣ ಆರಿಸಿ.
ಇದ್ದ ಆರೂ ಕಾರಣ ಬಿಟ್ಟು ಅವಳು ಕೆಳಗಿನ ಖಾಲಿ ಜಾಗದಲ್ಲಿ
ಒಂದೊಂದೇ ಕೀಲಿ ಹುಡುಕಿ ಕುಟ್ಟಿದಳು:
ಜಿಂಕೆ.

ಸಂಜೆ ಹೊತ್ತಿಗೆ ಹಳೆಯದು ಮರಳಿತು,
ಊರೂರು ಅಲೆದು ಬಂದವರ ಹಾಗೆ ನಿಧಾನಕ್ಕೆ ಕಣ್ಣು ಬಿಟ್ಟು.
ಯಂತ್ರದ ಗಾಡಿ ಎಡಕ್ಕೆ, ಬಲಕ್ಕೆ, ಚರ್ರ್ ಚರ್ರ್.
ಮೂಲೆಯಲ್ಲಿ ಬಿಳಿ ಕಿಟಕಿ ಆಗಲೇ ಬಂದು ನಿಂತಿತ್ತು.
ನಾನದನ್ನು ಕಂಡೆ. ಅವಳು ತಿರುಗಲಿಲ್ಲ.
ಉಣ್ಣೆಯೊಳಗಿಂದ ಗೊರಸು ಬಂತು, ಹೊಟ್ಟೆ, ಕುತ್ತಿಗೆ,
ಹೋಗಿ ಬರುವ ದಾರಿಯಲ್ಲಿ ಎಲ್ಲೋ
ಒಂದು ಕೊಂಬು ಮಾತ್ರ ಬಿದ್ದುಹೋಗಿತ್ತು.

ಅದನ್ನು ಅವಳು ಕೈಯಲ್ಲೇ ಹೆಣೆದಳು,
ಬಾಯಲ್ಲಿ ಸೂಜಿ ಕಚ್ಚಿಕೊಂಡು, ತುಸು ಸೊಟ್ಟಗೆ.